ಗ್ಲೌಸಮ್ಮನ ಬರಿಗೈ

ನಮ್ಮ ಸೋದರತ್ತೆಗೆ ಮನೆಯಲ್ಲಿ ‘ಗ್ಲೌಸಮ್ಮ’ ಅಂತಲೇ ಹೆಸರು. ಈರುಳ್ಳಿ ಹೆಚ್ಚುವುದಕ್ಕೂ ಕೈಗವಸು, ಬಟ್ಟೆ ಒಗೆಯುವುದಕ್ಕೂ ಕೈಗವಸು. “ಮಲಗುವಾಗಲಾದ್ರೂ ತೆಗೀತೀಯೇನೇ?” ಎಂದು ಅಪ್ಪ ತಂಗಿಯ ಕಾಲೆಳೆಯುತ್ತಿದ್ದರು.

ಅವಳ ಕೆಲಸವೇ ಹಾಗಿತ್ತು. ಕಾರ್ಖಾನೆಯಲ್ಲಿ, ಗಾಳಿಯ ತೇವವೂ ಸೋಕದಂತೆ ಮುಚ್ಚಿದ ಪಾತ್ರೆಯೊಳಗೆ, ಮೆಗ್ನೀಸಿಯಂ ಸೇರಿದ ದ್ರವಕ್ಕೆ ತವರದ ಕ್ಲೋರೈಡನ್ನು ಹನಿಹನಿಯಾಗಿ ಬಿಡಬೇಕು. ಹೀಗೆ ಶುರುವಾಗಿ ಕೊನೆಗೆ ತಯಾರಾಗುವ ತವರದ ವಿಷ ದೋಣಿಯ ಬಣ್ಣಕ್ಕೆ ಸೇರುತ್ತಿತ್ತು. ಅದನ್ನು ಬಳಿದ ತಳಕ್ಕೆ ಪಾಚಿಯಾಗಲಿ ಚಿಪ್ಪುಹುಳುವಾಗಲಿ ಅಂಟದು. ಬಳಿಯುವವರು ನಮ್ಮಪ್ಪ. ಮನೆಮಂದಿಯೆಲ್ಲ ಉಂಡಿದ್ದು ಅದರ ಅನ್ನವನ್ನೇ.

ನಾನಾಗ ಬಾಟಲಿ ಹಾಲಿನ ಕೂಸು. ಮಾಳಿಗೆಯ ನೀರಿನ ತೊಟ್ಟಿಯ ಪಾಚಿ ಉಜ್ಜಿ ಉಜ್ಜಿ ಅಮ್ಮನ ಸೊಂಟ ಬಿದ್ದುಹೋಗಿತ್ತು. ಅಪ್ಪನಿಗೆ ಕನಿಕರ ಉಕ್ಕಿತು. ಮಿಕ್ಕಿದ್ದ ದೋಣಿ ಬಣ್ಣ ತಂದು, ಅಮ್ಮನಿಗೆ ಹೇಳದೆ ತೊಟ್ಟಿಯ ಒಳಗೆಲ್ಲ ಬಳಿದರು. ಸರಿಯಾಗಿ ಒಣಗುವ ಮೊದಲೇ ನೀರೂ ಬಿಟ್ಟರು. ಇಂಥ ಬುದ್ಧಿ ದೋಣಿಗೆ ಬಣ್ಣ ಬಳಿಯುವವರಿಗಲ್ಲದೆ ಇನ್ಯಾರಿಗೆ ಹೊಳೆದೀತು!

ಅಷ್ಟರಲ್ಲಿ ಅತ್ತೆ ಬಂದಳು. ಮೆಟ್ಟಿಲಲ್ಲೇ ವಾಸನೆ ಮೂಗಿಗೆ ಬಡಿಯಿತು. ಒಂದೇ ಉಸಿರಿಗೆ ಮೇಲೆ ಹತ್ತಿದಳು.

“ಅಣ್ಣಾ, ಏನಿದು?”

“ಇನ್ಮೇಲೆ ಪಾಚಿ ಈ ಕಡೆ ತಲೆ ಹಾಕಿದ್ರೆ ಕೇಳು!”

“ಪಾಚಿ ಸಾಯಿಸೋದು ಕೂಸನ್ನ ಬಿಡುತ್ತಾ? ಅತ್ತಿಗೇ, ನಲ್ಲಿ ನಿಲ್ಸಿ!”

ಕೆಳಗೆ ಅಮ್ಮ, ಹಾಲಿನ ಪುಡಿ ಕಲಸಲು ಬಾಟಲಿಗೆ ನೀರು ಹಿಡಿಯುತ್ತಿದ್ದಳು. ನಲ್ಲಿಯ ಸದ್ದಿಗೆ ಕೂಗು ಕೇಳಿಸಲಿಲ್ಲ. ತೊಟ್ಟಿಯ ವಾಲ್ವ್ ತುಕ್ಕು ಹಿಡಿದು, ಜಪ್ಪಯ್ಯ ಅಂದರೂ ತಿರುಗಲಿಲ್ಲ. ಅತ್ತೆ ಅಪ್ಪನ ಟವೆಲನ್ನು ಕಿತ್ತು ಉಂಡೆ ಮಾಡಿ, ಹಸಿ ಬಣ್ಣಕ್ಕೆ ಒರಗಿ, ಹೆಗಲವರೆಗೆ ಕೈಯಿಳಿಸಿ ನಲ್ಲಿಗೆ ನೀರಿಳಿಯುವ ತಳದ ತೂತಿಗೆ ತುರುಕಿದಳು. “ಬಾಟಲಿ ಚೆಲ್ಲು, ಓಡಣ್ಣಾ!”

ಅಪ್ಪ ಓಡಿ ಬಾಟಲಿ ಕಿತ್ತು ಚೆಲ್ಲಿದರು. ಆಮೇಲೆ ಗೊಣಗಿದರು, “ದಿನಾ ಅದ್ರಲ್ಲೇ ಕೈ ಅದ್ದೋನು ನಾನು. ಒಂದಿಷ್ಟು ತುರಿಕೆ ಬಿಟ್ರೆ ನನಗೇನಾಗಿದೆ?”

ಅತ್ತೆ ತೋಳಿಗಂಟಿದ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಅದು ಮುಟ್ಟಿದ ಕೂಡಲೇ ಸುಡುವುದಿಲ್ಲ. ಸಂಜೆಗೆ ಅವಳ ತೋಳಿಡೀ ಬೊಬ್ಬೆ ಎದ್ದಿತು. ನೋಡಿ ಅಪ್ಪ ಕೂತಲ್ಲೇ ಅತ್ತುಬಿಟ್ಟರಂತೆ. ಮರುದಿನ ತೊಟ್ಟಿ ಕಿತ್ತರು, ತಮಗೂ ಒಂದು ಜೊತೆ ಕೈಗವಸು ತಂದುಕೊಂಡರು.

ದಡದ ಶಂಖದ ಹುಳುಗಳ ಸಂತಾನವೇ ನಿಂತುಹೋಗುತ್ತಿದೆ ಎಂದು ಎಷ್ಟೋ ವರ್ಷದ ಮೇಲೆ ಆ ಬಣ್ಣವನ್ನೇ ನಿಷೇಧಿಸಿದರು. ಅತ್ತೆ ಅಷ್ಟು ದಿನ ಕಾಯದಿದ್ದದ್ದು ನನ್ನ ಪುಣ್ಯ. ಅವಳ ಋಣ ನಾನು ತೀರಿಸಲಾರೆ, ತೀರಿಸಿ ಕೈತೊಳೆದುಕೊಳ್ಳುವ ಆಸೆಯೂ ಇಲ್ಲ.

ಚಳಿಗೆ ಆ ತೋಳು ಬಿರಿಯುತ್ತದೆ. ಮುಲಾಮು ಹಚ್ಚುವವಳು ನಾನು. ಮೊನ್ನೆ ಕೇಳಿದೆ: “ಅತ್ತೇ, ಈರುಳ್ಳಿಗೂ ಕೈಗವಸು ಹಾಕೋಳು ನೀನು. ಅವತ್ತು ಮರೆತು ಬಂದಿದ್ದೆಯಾ?”

“ಇಲ್ಲ ಕಣೇ, ಬ್ಯಾಗಲ್ಲೇ ಇತ್ತು,” ಅಂದಳು. “ಹಾಕ್ಕೊಳೋಷ್ಟು ಹೊತ್ತು ಎಲ್ಲಿತ್ತು?”