ಗೋಡೆ ದಾಟಿ ಬಂದ ಪೈಪು

ಕಾನ್ವೆಂಟಿನ ಹಳೆಯ ಕ್ಲಾಸ್‌ಮೇಟ್‌ಗಳು ನಾವು ಕೆಲವರು ಈಗಲೂ ಆಗಾಗ ವಿಡಿಯೋ ಕಾಲ್‌ನಲ್ಲಿ ಸೇರಿ ಇಂಗ್ಲಿಷ್ ಕಾದಂಬರಿಗಳ ಬಗ್ಗೆ ಹರಟುತ್ತೇವೆ. ಹೋದ ಬೇಸಿಗೆಯಲ್ಲಿ ಓದಿದ್ದು ಒಂದು ಡಿಸ್ಟೋಪಿಯಾ. ಯಾರೋ ಒಬ್ಬನ ಕೈಯಲ್ಲಿ ಊರಿನ ನೀರೆಲ್ಲ, ಉಳಿದವರೆಲ್ಲ ಅವನಿಗೆ ಡೊಗ್ಗುಸಲಾಮು. ಇಷ್ಟು ಜನ ಸುಮ್ಮನಿರುತ್ತಾರಾ, ವೆರಿ ಅನ್‌ಕನ್ವಿನ್ಸಿಂಗ್ ಎಂದು ತೀರ್ಪು ಕೊಟ್ಟವಳು ನಾನೇ.

ಅದೇ ಹೊತ್ತಿಗೆ ಮಗಳು ಬಾಣಂತನಕ್ಕೆಂದು ಶಿಡ್ಲಘಟ್ಟದ ನಮ್ಮ ಮನೆಗೆ ಬಂದಳು. ಬಾಣಂತಿ ಸ್ನಾನವೆಂದರೆ ಹಂಡೆಗಟ್ಟಲೆ ಬಿಸಿನೀರು, ಮಗುವಿನ ಬಟ್ಟೆ ಬೇರೆ. ನಮ್ಮ ಬೀದಿಗೆ ನಲ್ಲಿ ನೀರು ಬರುವುದೇ ಅಪರೂಪ. ಬೀದಿಯ ಮೊದಲ ಮನೆಯಾದ ಪಕ್ಕದ ಮನೆಯವರು ಆಗಲೇ ನಲ್ಲಿಯ ಲೈನಿಗೇ ಮೋಟರ್ ಕೂರಿಸಿದರು. ಅದು ಗುರ್ರೆಂದರೆ ನೀರೆಲ್ಲ ಅವರ ಸಂಪ್ ಟ್ಯಾಂಕಿಗೆ, ನಮ್ಮ ನಲ್ಲಿಯಲ್ಲಿ ಬರೀ ಗಾಳಿ.

ಕೇಳಿಯೇಬಿಡೋಣ ಎಂದು ಹೋದೆ. ಆ ಮನೆಯಾಕೆ ಕೂರಿಸಿ ಕಾಫಿ ಕೊಟ್ಟರು, ಮಗುವಿನ ತೂಕ ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ, "ಬಾಣಂತಿ ಇರೋ ಮನೆ, ನೀರಿನ ಯೋಚನೆ ನಿಮಗ್ಯಾಕೆ ಟೀಚರಮ್ಮ? ಗೋಡೆ ಮೇಲಿಂದ ಪೈಪ್ ಬಿಡ್ತೀನಿ, ಹಿಡ್ಕೊಳ್ಳಿ. ಬೀದಿಯವ್ರಿಗೆ ಮಾತ್ರ ಹೇಳಕ್ಕೆ ಹೋಗ್ಬೇಡಿ" ಅಂದರು. ಮೋಟರ್ ತೆಗೆಸಿ ಎನ್ನಲು ಹೋದವಳು "ಥ್ಯಾಂಕ್ ಯೂ ಸೋ ಮಚ್" ಎಂದು ಹೇಳಿ ಬಂದೆ. ನನಗೇ ಬರಬೇಕಿದ್ದ ನೀರಿಗೆ!

ಆಮೇಲೆ ಪಾಯಸ ಮಾಡಿದರೆ ಮೊದಲ ಬಟ್ಟಲು ಅವರಿಗೆ. ಅವರ ಸೊಸೆಯನ್ನು ಅವರು ಬೈದರೆ ನಾನೂ ಹೌದೆನ್ನುತ್ತಿದ್ದೆ. ಪೈಪು ಸ್ವಲ್ಪ ತಡವಾದರೂ ಎಲ್ಲಿ ಏನು ತಪ್ಪು ಮಾತಾಡಿದೆನೋ ಎಂದು ಒಳಗೊಳಗೇ ಹುಡುಕಿಕೊಳ್ಳುತ್ತಿದ್ದೆ.

ಬೀದಿಯ ಕೊನೆಯ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸಿದ್ದಾಳೆ. ಅವಳು ದೂರದ ಬೋರ್‌ವೆಲ್‌ನಿಂದ ಕೊಡ ಹೊರುತ್ತಿದ್ದಳು. ನೀರು ಬಿಡಿಸುವ ಅಧಿಕಾರಿ ಬರುತ್ತಾರೆಂದು ತಿಳಿದು ಉಳಿದ ಹೆಂಗಸರನ್ನು ಸೇರಿಸಿಕೊಂಡು ಬಂದು ನನ್ನನ್ನು ಕರೆದಳು. "ನಾವು ಕೇಳಿದ್ರೆ ಗಲಾಟೆ ಅಂತಾರೆ ಮಿಸ್. ನೀವು ಇಂಗ್ಲಿಷಲ್ಲಿ ನಾಲ್ಕು ಮಾತು ಬಿಟ್ರೆ ಅವ್ರು ನಿಂತು ಕೇಳ್ತಾರೆ."

ಹೂಂ ಅಂದೆ. ಆದರೆ ಅಧಿಕಾರಿ ಬರುವಷ್ಟರಲ್ಲಿ ಮೋಟರ್ ಇದ್ದ ಜಾಗದಲ್ಲಿ ಹೂಕುಂಡ ಕೂತಿತ್ತು. ಹೆಂಗಸರೆಲ್ಲ ಒಟ್ಟಿಗೆ ಮಾತಾಡಿದರು. ಅಧಿಕಾರಿ ಬೈಕಿನಿಂದ ಇಳಿಯದೆ ನನ್ನತ್ತ ತಿರುಗಿ, ಇವರ ಪಕ್ಕದ ಮನೆ ನಿಮ್ಮದಲ್ಲವಾ ಮೇಡಂ, ನೀವು ಮೋಟರ್ ನೋಡಿದ್ದೀರಾ ಎಂದು ಕೇಳಿದರು. ಗೇಟಿಗೆ ಒರಗಿ ನಿಂತಿದ್ದ ಪಕ್ಕದ ಮನೆಯಾಕೆ ಮೆಲ್ಲಗೆ ಅಂದರು:

"ಮಗು ಸ್ನಾನ ಆಯ್ತಾ ಟೀಚರಮ್ಮ?"

ನಾನು ಅಧಿಕಾರಿಗೆ ಇಂಗ್ಲಿಷಿನಲ್ಲೇ ಉತ್ತರಿಸಿದೆ. ನೋ, ಐ ಹ್ಯಾವ್ ನಾಟ್ ನೋಟೀಸ್ಡ್ ಎನಿಥಿಂಗ್ ಆಫ್ ದಟ್ ಸಾರ್ಟ್. ಕಾನ್ವೆಂಟಿನ ನನ್‌ಗಳು ತಿದ್ದಿ ತಿದ್ದಿ ಕಲಿಸಿದ ಅಷ್ಟು ಸ್ಪಷ್ಟ ಉಚ್ಚಾರಣೆಯಲ್ಲಿ. ಅವರು ಓಕೆ ಮೇಡಂ ಎಂದು ಬೈಕ್ ತಿರುಗಿಸಿಕೊಂಡು ಹೋದರು.

ನೂಲಿನವಳ ಮುಖ ಅರಳಿತ್ತು. "ಇಷ್ಟುದ್ದ ಹೇಳಿದ್ರಲ್ಲ ಮಿಸ್, ಎಲ್ಲಾ ಒಪ್ಕೊಂಡ್ರಾ?"

"ಹೇಳಿದೀನಿ ಕಣಮ್ಮ" ಅಂದೆ.

ಈಗಲೂ ಅವಳು ಖಾಲಿ ಕೊಡ ಹಿಡಿದು ನಮ್ಮ ಗೇಟಿನ ಮುಂದೆ ಹಾದುಹೋಗುವಾಗ ನಿಲ್ಲುತ್ತಾಳೆ, ಸಾಹೇಬರು ಮತ್ತೆ ಯಾವಾಗ ಬರುತ್ತಾರಂತೆ ಎಂದು ಕೇಳುತ್ತಾಳೆ. ಬರ್ತಾರೆ ಅನ್ನುತ್ತೇನೆ.