ನಮ್ಮ ಮಾವ ಕೋವಿಗೆ ಬೆಲೆ ಕಟ್ಟಿದ್ದು

ಎರಡು ವಿಷಯಗಳಲ್ಲಿ ತಮ್ಮಷ್ಟು ತಿಳಿದವರು ಭೂಮಿಯ ಮೇಲೆ ಇಲ್ಲ ಎಂದು ನಮ್ಮ ಮಾವ ಸೀನಪ್ಪನವರ ನಂಬಿಕೆ. ಒಂದು ರಾಗಿ ಮುದ್ದೆ ತಿರುವುವುದು, ಇನ್ನೊಂದು ಕೋವಿ. ಮುದ್ದೆಯ ಗಂಟುಗಳನ್ನು ಅತ್ತೆ ಇಂದಿರಮ್ಮನವರೂ ನಾನೂ ತುಟಿ ಪಿಟಕ್ಕೆನ್ನದೆ ನುಂಗುತ್ತೇವೆ. ಕೋವಿಯ ವಿಷಯದಲ್ಲಿ ಮಾತ್ರ ಅವರು ಕೊಚ್ಚಿಕೊಳ್ಳುವುದೆಲ್ಲ ನಿಜ.

ಕೋಲಾರದ ಕಡೆಯವರು. ಮೀಸೆ ಸರಿಯಾಗಿ ಮೂಡುವ ಮೊದಲೇ ನೌಕಾಪಡೆ ಸೇರಿದರು. ಆದರೆ ಅವರು ಸಮುದ್ರ ನೋಡಿದ್ದು ಕಡಿಮೆ. ಬಂದೂಕು ಬಿಚ್ಚುವುದು, ಒರೆಸುವುದು, ರಿಪೇರಿ ಮಾಡಿ ಜೋಡಿಸುವುದು, ಸರ್ವೀಸಿನುದ್ದಕ್ಕೂ ಇದೇ ಕೆಲಸ. ಕೋಲಾರದವರಿಗೆ ತೆಲುಗು ಪಕ್ಕದ ಮನೆಯ ಭಾಷೆ, ಹಾಗಾಗಿ ನಿವೃತ್ತಿಯಾದ ಮೇಲೆ ಊರಿನ ಮಾತೆತ್ತದೆ, ಆಂಧ್ರದ ನೌಕಾನೆಲೆಯ ಹತ್ತಿರದ ಗಾಜುವಾಕದಲ್ಲೇ ಮನೆ ಕಟ್ಟಿಸಿದರು. ನನ್ನ ಗಂಡ ಸಚಿನ್‌ಗೆ ಇಲ್ಲೇ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಮೊಮ್ಮಗಳು ತಾತನೊಡನೆ ತೆಲುಗಿನಲ್ಲೇ ಜಗಳ ಕಾಯುತ್ತಾಳೆ, ತಾತ ಕನ್ನಡದಲ್ಲಿ ಸೋಲುತ್ತಾರೆ.

ಲೈಸೆನ್ಸ್ ಇದ್ದವರು ತೀರಿಕೊಂಡರೆ ಅವರ ಬೇಟೆಯ ಕೋವಿಯನ್ನು ಮನೆಯವರು ಸುಮ್ಮನೆ ಇಟ್ಟುಕೊಳ್ಳುವ ಹಾಗಿಲ್ಲ. ಅದು ಪೊಲೀಸರ ಬಳಿಗೋ ಅಧಿಕೃತ ಬಂದೂಕು ಅಂಗಡಿಗೋ ಹೋಗಬೇಕು. ಅಲ್ಲಿ ಅದಕ್ಕೆ ಬೆಲೆ ಕಟ್ಟುವವರು ಬೇಕಾದಾಗ ನಮ್ಮ ಮಾವನಿಗೆ ಫೋನ್ ಬರುತ್ತದೆ. ಕೋವಿ ಮಾರುವವರ ಬಳಿ ಕೋವಿಗಿಂತ ಉದ್ದದ ಕಥೆ ಇರುತ್ತದೆ. ಅಜ್ಜ ಹುಲಿ ಹೊಡೆದದ್ದು, ಜಮೀನ್ದಾರರು ಬೆನ್ನು ತಟ್ಟಿದ್ದು. ಮಾವ ಕೈ ಅಡ್ಡ ಹಿಡಿದುಬಿಡುತ್ತಾರೆ. "ಕತೆ ಆಮೇಲೆ. ಮೊದ್ಲು ಕೋವಿ ಏನ್ ಹೇಳ್ತೈತೋ ಕೇಳಾನ." ಕಥೆ ಕಿವಿಗೆ ಬಿದ್ದರೆ ಕಣ್ಣು ಅದನ್ನೇ ಹುಡುಕುತ್ತದೆ, ಆಗ ಬೆಲೆ ಹಾಳಾಗುತ್ತದೆ ಎಂದು ಅವರ ವಾದ. ಎಷ್ಟೋ ಜನ ಇದಕ್ಕೇ ಮುನಿಸಿಕೊಂಡು ಹೋಗಿದ್ದಾರೆ. ಮಾವನಿಗೆ ಅದರ ಗೊಡವೆ ಇಲ್ಲ.

ಹೋದ ವರ್ಷ ವಿಜಯವಾಡದ ಕನ್ನಡ ಸಂಘದವರಿಂದ ನಂಬರ್ ಪಡೆದು ಕಮಲಾಕ್ಷಿ ಎಂಬುವವರು ಫೋನ್ ಮಾಡಿದರು. ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದ ಅವರ ಯಜಮಾನರು ಚಂದ್ರಕಾಂತ ತೀರಿಕೊಂಡಿದ್ದರು. ಅವರ ರೈಫಲ್ ವಿಜಯವಾಡದ ಅಂಗಡಿಯಲ್ಲಿತ್ತು. ಮಾವ ಒಬ್ಬರೇ ಹೋದರೆ ರೈಲಿನಲ್ಲಿ ಯಾರೊಡನಾದರೂ ಕಿತ್ತಾಡಿಕೊಳ್ಳುತ್ತಾರೆಂದು ಅತ್ತೆ ನನ್ನನ್ನೂ ಜೊತೆಗೆ ಅಟ್ಟಿದರು. ದುವ್ವಾಡದಲ್ಲಿ ರೈಲು ಹತ್ತಿ ಹೊರಟೆವು.

ಕಮಲಾಕ್ಷಮ್ಮನವರ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಉಂಡಾದ ಮೇಲೆ ಮಾವ ಎಂದಿನಂತೆ ಕಥೆಗೆ ಹೆದರಿ, ಪೇಪರ್ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕುಳಿತರು. ಅಡುಗೆಮನೆಯಲ್ಲಿ ಆಕೆ ನನಗೆ ಎಲ್ಲ ಹೇಳಿದರು.

"ನಮ್ಮ ಮಾವನವರದು ರಾಣೆಬೆನ್ನೂರ ಕಡೆ ಶಿಕಾರಿ ಮನೆತನ ನೋಡವಾ. ಆಗಿನ್ನೂ ಬೇಟೆ ಬಂದ್ ಆಗಿರಲಿಲ್ಲ. ಮದುವ್ಯಾದ ಹೊಸದಾಗಿ ಮಗಗ ಜರ್ಮನಿ ಬಂದೂಕು ತರಿಸಿಕೊಟ್ಟು, ಗೆಳ್ಯಾರ ಜೋಡಿ ಕಳಿಸಿದ್ರು. ಸಂಜೀಕ ಜಿಂಕಿ ಹೊತ್ಕೊಂಡು ಬಂದ್ರು. ಕೊಯ್ದ್ರ ಹೊಟ್ಯಾಗ ಮರಿ ಇತ್ತು. ಮಾವನವರು ಮಂದಿ ಮುಂದ, ನನ್ನ ಮಗ ಮೊದಲನೇ ಬೇಟೆ ಹೊಡದಾನ ಅಂತ ಹಿಗ್ಗಿದ್ದೇ ಹಿಗ್ಗಿದ್ದು. ನಾನೂ ಆಗ ತುಂಬಿದ ಗರ್ಭಿಣಿ. ಆ ತಿಂಗಳದಾಗ ನನ್ನ ಕೂಸು ಹೊಟ್ಯಾಗ ಸತ್ತು ಹುಟ್ಟಿತು."

ಕೈಯಲ್ಲಿದ್ದ ಸೌಟನ್ನು ಆಕೆ ಕೆಳಗಿಟ್ಟರು. "ಆಮ್ಯಾಲೆ ಮಗಳು ಹುಟ್ಟಿದಳು, ಸಂಸಾರ ಮಾಡಿದೆ. ಆದ್ರ ನಮ್ಮ ಯಜಮಾನರನ್ನ ಮನಸಾರೆ ಕ್ಷಮಿಸಲಿಲ್ಲ. ಅವರೂ ಆ ಬಂದೂಕು ಮತ್ತ ಮುಟ್ಟಲಿಲ್ಲ. ಅಪ್ಪ ಕೊಟ್ಟದ್ದಂತ ಲೈಸೆನ್ಸ್ ಮಾಡಿಸ್ಕೋತ, ಕಪಾಟಿನ್ಯಾಗ ಇಟ್ಟಿದ್ರು. ಈಗ ಮೊಮ್ಮಗಳು ಜಾಹ್ನವಿ ಹೆರಿಗಿಗೆ ಇಲ್ಲೇ ಬರ್ತಾಳ. ಆ ಪಾಪದ ವಸ್ತು ನಮ್ಮ ಹೆಸರಿನ್ಯಾಗ ಇರೂದ ಬ್ಯಾಡ. ಅಂಗಡಿಯಾವರು ಐವತ್ತು ಸಾವಿರ ಅಂತಾರ. ಪುಕ್ಕಟೆ ಒಯ್ತೀನಂದ್ರೂ ಕೊಡ್ತೀನಿ. ನನ್ನ ಮಗಳೇ ಹಟ ಹಿಡಿದು ನಿಮ್ಮ ಮಾವನವರನ್ನ ಕರಸು ಅಂದಳು."

ಅಂಗಡಿಯಲ್ಲಿ ಮಾಲೀಕರಾದ ಫಣಿಗಾರು ರೈಫಲನ್ನು ಮೇಜಿನ ಮೇಲೆ ಇಟ್ಟರು. ಕಮಲಾಕ್ಷಮ್ಮ ಅದಕ್ಕೆ ಬೆನ್ನು ಹಾಕಿ ಬಾಗಿಲ ಬಳಿ ಕುಳಿತರು. ಮಾವ ಮೊದಲು ಕೋವಿ ಖಾಲಿ ಇದೆಯೇ ಎಂದು ನೋಡಿದರು, ಆಮೇಲೆ ನಳಿಗೆಯ ಹಿಂಬದಿಗೆ ಕದದಂತೆ ಕೂರುವ ಬೋಲ್ಟ್ ಎಳೆದು ತೆಗೆದು ಅದರ ಮುಖವನ್ನು ಬೆಳಕಿಗೆ ಹಿಡಿದರು. ಗುಂಡಿನ ತೋಟಾ ಕೂರುವ ಗೂಡಿನೊಳಗೆ ಟಾರ್ಚ್ ಬಿಟ್ಟರು. ಹುಬ್ಬು ಮೇಲೇರಿತು. ಇಂಥ ಹೊತ್ತಿನಲ್ಲಿ ಅವರ ದೊಡ್ಡ ಬಾಯಿ ಎಲ್ಲಿ ಹೋಗುತ್ತದೋ, ಮದುವೆಮನೆಯಲ್ಲಿ ಹೂ ಕಟ್ಟುವವರ ಹಾಗೆ ಬರೀ ಬೆರಳು ಕೆಲಸ ಮಾಡುತ್ತವೆ.

"ಬಾರಮ್ಮಾ ಬಿಂದು, ನೀನೂ ನೋಡು," ಎಂದು ನಳಿಗೆಯನ್ನು ಕಿಟಕಿಯ ಕಡೆ ತಿರುಗಿಸಿದರು.

ಒಂದು ಕಣ್ಣು ಮುಚ್ಚಿ ನೋಡಿದೆ. ಒಳಗೆ ಬೆಳಕು ಸುತ್ತಿ ಸುತ್ತಿ ಹೋಗುತ್ತಿತ್ತು. ಉಕ್ಕಿನಲ್ಲಿ ಕೊರೆದ ಗೆರೆಗಳು ಒಂದರ ಪಕ್ಕ ಒಂದು ತಿರುಚಿಕೊಂಡು, ಎಲ್ಲೂ ಮಸಿಯಿಲ್ಲದೆ, ಎಲ್ಲೂ ತುಕ್ಕಿಲ್ಲದೆ, ಆ ತುದಿಯ ಪುಟ್ಟ ಆಕಾಶದವರೆಗೆ ಹೊಳೆಯುತ್ತಿದ್ದವು. ಕೊಲ್ಲುವ ವಸ್ತುವಿನ ಹೊಟ್ಟೆಯಲ್ಲಿ ಇಷ್ಟು ಚಂದ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

"ಫಣಿಗಾರೂ, ಮೂರು ಲಕ್ಷ," ಎಂದರು ಮಾವ. "ಒಂದು ರೂಪಾಯಿ ಕಮ್ಮಿ ಇಲ್ಲ. ಕಾರ್ಖಾನೇಲಿ ಪರೀಕ್ಷೆಗೆ ಹಾರಿಸಿರ್ತಾರೆ, ಅದು ಬಿಟ್ರೆ ಈ ಕೋವಿಯಿಂದ ಒಂದು ಗುಂಡೂ ಹಾರಿಲ್ಲ."

ಬಾಗಿಲ ಬಳಿ ಕುರ್ಚಿ ಸರಿದ ಸದ್ದಾಯಿತು.

"ಏನಂದ್ರಿ ಅಣ್ಣಾರ?"

ಆಕೆಗೆ ಖುಷಿಯಾಗಿದೆ ಎಂದೇ ಮಾವ ತಿಳಿದರು. "ಹೌದು ತಾಯಿ, ನಿಮ್ಮದು ಹೊಚ್ಚ ಹೊಸ ಮಾಲು!" ಎಂದು ನಕ್ಕರು. ಆಮೇಲೆ ಆಕೆಯ ಮುಖ ನೋಡಿ ನಗು ನಿಂತಿತು. ನಾನು ಅವರನ್ನು ಮೂಲೆಗೆ ಕರೆದು, ಅಡುಗೆಮನೆಯಲ್ಲಿ ಕೇಳಿದ್ದನ್ನೆಲ್ಲ ಹೇಳಿಬಿಟ್ಟೆ. ಈ ಸಲ ಅವರು ಕೈ ಅಡ್ಡ ಹಿಡಿಯಲಿಲ್ಲ.

ಮಾವ ತಿರುಗಿ ಬಂದು ಮೇಜಿನ ಮುಂದೆ ಕುಳಿತರು. "ದುಡ್ಡಿನ ಮಾತಾದ್ರೆ ಒಂದ್ಸಲ ನೋಡಿದ್ರೆ ಸಾಕಾಗಿತ್ತು. ಇದು ಅಂಗಲ್ಲ. ಇನ್ನೊಂದ್ಸಲ ಮೊದ್ಲಿಂದ ನೋಡ್ತೀನಿ ತಾಯಿ, ನೀವು ಪಕ್ಕದಾಗೇ ಕೂತ್ಕಳಿ," ಎಂದರು.

ಸ್ಕ್ರೂ ಬಿಚ್ಚಿದರು. ಬಿಚ್ಚುವ ಮೊದಲು, ಅದರ ತಲೆಯ ಮೇಲೆ ಯಾರೂ ತಿರುಪುಳಿ ಇಟ್ಟ ಗೀರಿಲ್ಲ ಎಂದು ಆಕೆಗೆ ತೋರಿಸಿದರು. ಮರದ ಹಿಡಿ ಕಳಚಿದಾಗ ಕೆಳಗೆ ಕಾರ್ಖಾನೆಯವರು ಬಳಿದ ಗ್ರೀಸ್ ಒಣಗಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ತೋಟಾ ಕೂರುವ ಗೂಡಿನಲ್ಲೂ ಅದೇ ಗ್ರೀಸ್, ಸುತ್ತ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಮಾವ ಆಕೆಯ ಬೆರಳು ಹಿಡಿದು ಅದರ ಅಂಚಿಗೆ ಮುಟ್ಟಿಸಿದರು. ಅಷ್ಟು ವರ್ಷ ಆ ಕೋವಿಯ ಹತ್ತಿರ ಸುಳಿಯದ ಬೆರಳು ಅದು.

"ಒಂದು ತೋಟಾ ಒಳಗೋಗಿದ್ರೂ ಇದು ಕಿತ್ತೋಗ್ತಿತ್ತು. ತುಂಬಲೇ ಇಲ್ಲ ತಾಯಿ ಅವ್ರು. ಈ ಕೋವಿಯಿಂದ ಒಂದು ನೊಣಾನೂ ಸತ್ತಿಲ್ಲ."

ಮೂಲೆಯ ಮಾತು ಕಿವಿಗೆ ಬಿದ್ದಿದ್ದ ಫಣಿಗಾರು, ಜಿಂಕೆಯನ್ನು ಬೇರೆ ಬಂದೂಕಿನಿಂದ ಹೊಡೆದಿರಬಹುದಲ್ಲ ಎಂದು ತೆಲುಗಿನಲ್ಲಿ ಮೆಲ್ಲನೆ ಕೇಳಿದರು. "ಬ್ಯಾರೆ ಬಂದೂಕಿಲೆ?" ಎಂದು ಕಮಲಾಕ್ಷಮ್ಮ ತಮಗೆ ತಾವೇ ಕೇಳಿಕೊಂಡು, ತಾವೇ ತಲೆಯಾಡಿಸಿದರು. "ಇಲ್ಲ. ಗೆಳ್ಯಾರ ಕೈಯಾಗ ಅವರವರ ಬಂದೂಕು ಇದ್ದವು. ಇವರು ಇದನ್ನ ಬರೇ ಹೊತ್ಕೊಂಡು ತಿರಗ್ಯಾರ. ಯಾರೋ ಹೊಡದದ್ದನ್ನ ಅಪ್ಪನ ಮುಂದ ಇವರ ಹೆಸರಿಗೆ ಹಚ್ಚ್ಯಾರ. ಅಪ್ಪ ಅಷ್ಟು ಹಿಗ್ಗಿದ ಮ್ಯಾಲೆ ಇವರು ಹೆಂಗ ಬಾಯಿ ಬಿಡ್ತಾರ..."

ಅಪ್ಪನ ಹಿಗ್ಗಿಗಾಗಿ ಸುಮ್ಮನಿದ್ದ ಮನುಷ್ಯ, ಹೆಂಡತಿಯ ಸಿಟ್ಟಿಗೂ ಸುಮ್ಮನೇ ಇದ್ದುಬಿಟ್ಟರು. ಯಾಕೆಂದು ನನಗೆ ತಿಳಿಯದು. ಹೊಡೆಯದಿದ್ದರೂ ಜೊತೆಗಿದ್ದೆನಲ್ಲ ಎಂದು ಅವರಿಗೇ ಅನ್ನಿಸಿತ್ತೋ ಏನೋ. ನಾನು ನೋಡೇ ಇಲ್ಲದ ಆ ಚಂದ್ರಕಾಂತರಿಗೆ ನಿಂತಲ್ಲೇ ಕೈ ಮುಗಿಯಬೇಕೆನಿಸಿತು. ಮಾವ ಕನ್ನಡಕ ತೆಗೆದು, "ಎಂಥಾ ಗಂಡಸಮ್ಮಾ," ಎಂದು ಬರಿಯ ಕೋವಿಯನ್ನೇ ನೋಡುತ್ತ ಕುಳಿತರು. ನೌಕಾಪಡೆಯ ದೊಡ್ಡ ದೊಡ್ಡ ಅಧಿಕಾರಿಗಳ ಬಗ್ಗೆಯೂ ಅವರು ಅಷ್ಟು ಗೌರವದಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

ಫಣಿಗಾರು ಮೂರು ಲಕ್ಷಕ್ಕೆ ಒಪ್ಪಿದರು. ಕಮಲಾಕ್ಷಮ್ಮನಿಗೆ ಅದು ಕೇಳಿಸಿತೋ ಇಲ್ಲವೋ. ಕಳಚಿಟ್ಟ ನಳಿಗೆಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು, ಸೆರಗಿನಿಂದ ಅದನ್ನು ಉದ್ದಕ್ಕೂ ಒರೆಸಿದರು.

"ದವಾಖಾನ್ಯಾಗ ಕಡೀ ದಿನ ನನ್ನ ಕೈ ಹಿಡಕೊಂಡು, ಕಮಲಾ, ಆ ಜಿಂಕಿ ವಿಷಯ ಒಂದು ಮಾತು ಹೇಳೂದೈತಿ ಅಂದ್ರು," ಎಂದರು ಆಕೆ. "ಆ ಮಾತು ಬ್ಯಾಡ, ಸುಮ್ಮನ ಮಲಕೋರಿ ಅಂದೆ. ಮಲಕೊಂಡ್ರು."