ನೆಲಮಾಳಿಗೆಯ ಬಾಗಿಲು

ನಾನು ಹೇಳುವ ಕಾಲದಲ್ಲಿ ನಮ್ಮಂಥವರ ಮನೆಗಳಲ್ಲಿ ಗಂಡ ಹೆಂಡತಿ ಹಗಲು ಹೊತ್ತಿನಲ್ಲಿ ಹಿರಿಯರ ಎದುರು ಮಾತಾಡುತ್ತಿರಲಿಲ್ಲ. ಒಬ್ಬರ ಹೆಸರನ್ನು ಇನ್ನೊಬ್ಬರು ಹೇಳುತ್ತಿರಲಿಲ್ಲ. ಅದು ಕಷ್ಟವೆಂದು ಯಾರಿಗೂ ಅನಿಸುತ್ತಿತ್ತೋ ಇಲ್ಲವೋ ತಿಳಿಯದು. ನಮ್ಮ ಅಣ್ಣನಿಗೆ ಮಾತ್ರ ಅನಿಸುತ್ತಿತ್ತು. ಅದಕ್ಕೇ ಅವನು ನನಗೆ ಕಾದಂಬರಿ ಓದಿ ಹೇಳುತ್ತಿದ್ದ.

ಪುಣೆಯ ಹಳೆಯ ಪೇಟೆಯಲ್ಲಿ ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ ನಮ್ಮದೊಂದೇ ಕನ್ನಡದ ಮನೆ. ಅಪ್ಪ ಧಾರವಾಡದಿಂದ ವರ್ಗವಾಗಿ ಬಂದ ಕಾರಕೂನ. ಅಣ್ಣ ಕಾಲೇಜಿಗೆ ಹೋಗುತ್ತಿದ್ದ. ನನಗೆ ಹತ್ತು ವರ್ಷ, ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಅಣ್ಣನ ಹೆಂಡತಿ ರಮಾ ವೈನಿಗೆ ಹದಿನಾರು. ಅವಳು ಧಾರವಾಡದ ಕಡೆಯ ಹಳ್ಳಿಯ ಮಾಸ್ತರರ ಮಗಳು. ಕನ್ನಡ ಚೆನ್ನಾಗಿ ಓದುತ್ತಿದ್ದಳು. ಮರಾಠಿ ಅಕ್ಷರ ಬರುತ್ತಿರಲಿಲ್ಲ.

ಅಣ್ಣ ಲೈಬ್ರರಿಯಿಂದ ವಾರಕ್ಕೊಂದು ಪುಸ್ತಕ ತರುತ್ತಿದ್ದ. ಎಲ್ಲವೂ ಕೊಲೆ, ಕಳವು, ಮಾಯವಾದ ಮನುಷ್ಯರು. ಅಪ್ಪ ಕೇಳಿದರೆ, "ಇತಿಹಾಸದ ಪುಸ್ತಕ, ಅಪ್ಪಾ. ಪೇಶವಾಯಿ ಕಾಲದ್ದು" ಅನ್ನುತ್ತಿದ್ದ. ಅದೂ ಸುಳ್ಳಲ್ಲ. "ಹಂಗಾರ ಓದು. ತಂಗಿಗೂ ನಾಕು ಅಕ್ಷರ ತಿಳೀಲಿ" ಎಂದು ಅಪ್ಪನೇ ಒಪ್ಪಿಗೆ ಕೊಟ್ಟಿದ್ದರು.

ಎಲ್ಲವೂ ಸರಿಯಾಗಿದ್ದ ಕೊನೆಯ ದಿನ ಆಷಾಢದ ಒಂದು ರವಿವಾರ. ಹೊರಗೆ ಜಿಟಿಜಿಟಿ ಮಳೆ. ಅವ್ವ ಥಾಲಿಪೆಟ್ಟು ಬಡಿದಿದ್ದಳು. ಮನೆಯೆಲ್ಲ ಕೊತ್ತಂಬರಿ, ಈರುಳ್ಳಿ, ಕಾಯ್ದ ಎಣ್ಣೆಯ ವಾಸನೆ. ಊಟವಾದ ಮೇಲೆ ಅಪ್ಪ ಮಲಗಿದರು. ಅಣ್ಣ ಪಡಸಾಲೆಯಲ್ಲಿ ಕಂಬಕ್ಕೊರಗಿ ಕುಳಿತು, ತೊಡೆಯ ಮೇಲೆ ಹುರಿದ ಶೇಂಗಾ ಸುರುವಿಕೊಂಡು ಪುಸ್ತಕ ತೆಗೆದ. ನಾನು ಎದುರಿಗೆ. ಅಡುಗೆಮನೆಯ ಬಾಗಿಲ ಹಿಂದೆ ವೈನಿ ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು.

ಅವನು ಮರಾಠಿ ನೋಡಿಕೊಂಡು ಬಾಯಲ್ಲಿ ಕನ್ನಡ ಹೇಳುತ್ತಿದ್ದ, ಎಲ್ಲೂ ತಡವರಿಸದೆ. ಒಬ್ಬ ಸರದಾರನ ಅಣ್ಣನ ಮಗ ಮಾಯವಾಗಿದ್ದಾನೆ. ಅವನ ಮುಂಡಾಸು ಹೊಳೆಯ ದಂಡೆಯಲ್ಲಿ ಸಿಕ್ಕಿದೆ. ಅವನು ಮುಳುಗಿ ಸತ್ತ ಎಂದು ಮೊದಲು ಹೇಳಿದವನು ಸರದಾರನ ವಾಡೆಯ ಆಡಳಿತ ನೋಡುವ ಕಾರಭಾರಿ, ಈಗ ಎಲ್ಲರೂ ಹಾಗೇ ಅನ್ನುತ್ತಾರೆ. ಅವನ ಹೆಂಡತಿ ತುಂಗಾ ಮಾತ್ರ ಮುಂಡಾಸು ಮುಟ್ಟಿ ನೋಡಿ, ಒಣಗಿರುವುದನ್ನು ಕಂಡು, ನಂಬುವುದಿಲ್ಲ. ಅವಳು ದಿನಾ ಒಂದು ಹಗ್ಗ ಹಿಡಿದು ವಾಡೆಯ ಗೋಡೆಗಳನ್ನು ಅಳೆಯುತ್ತಾಳೆ. ಹೊರಗಿನ ಅಳತೆಗಿಂತ ಒಳಗಿನ ಅಳತೆ ನಾಲ್ಕು ಮೊಳ ಕಡಿಮೆ ಬರುತ್ತದೆ. ಹಾಗಾದರೆ ಆ ನಾಲ್ಕು ಮೊಳ ಎಲ್ಲಿ?

ಅಣ್ಣ ಪುಸ್ತಕ ಮಡಚಿ, ನನ್ನ ಕಡೆ ನೋಡಿ, ದನಿ ಏರಿಸಿ ಕೇಳಿದ: "ಅಂಬೂ, ನೀ ಹೇಳು, ಯಾರು ಮಾಡಿರಬೇಕು ಇದನ್ನ?"

ನನಗೆ ಏನೂ ತಿಳಿದಿರಲಿಲ್ಲ. "ನೀರು ಕುಡದು ಬರ್ತೀನಿ" ಎಂದು ಎದ್ದು ಒಳಗೆ ಓಡಿದೆ. ವೈನಿ ಕಿವಿಯಲ್ಲಿ ಹೇಳಿದಳು. ಬಂದು ಒಪ್ಪಿಸಿದೆ: "ಕಾರಭಾರಿ. ಯಾಕಂದ್ರ ಮುಂಡಾಸು ಒಣಗಿದ್ರೂ ಮುಳುಗಿ ಸತ್ತ ಅಂತ ಮೊದಲ ಅವಾನೇ ಹೇಳಿದ್ದು."

ಅಣ್ಣ ನಕ್ಕುಬಿಟ್ಟ. "ಏನs ಹುಡುಗಿ, ಒಂದು ಗುಟುಕು ನೀರು ಕುಡದ್ರ ಇಷ್ಟು ಶಾಣ್ಯಾತನ ಬರ್ತದ? ನಾನೂ ಕುಡೀಬೇಕು ಆ ನೀರು."

ಒಳಗೆ ಮೊರ ಒಂದು ಕ್ಷಣ ನಿಂತು ಮತ್ತೆ ಸದ್ದು ಮಾಡಿತು.

ಆ ದಿನ ತುಂಗಾ ಗೋಡೆಯಲ್ಲಿ ಒಂದು ಕಲ್ಲು ಒತ್ತಿ, ನೆಲಮಾಳಿಗೆಯ ಮೆಟ್ಟಿಲಿಳಿದು, ಬದುಕಿದ್ದ ಗಂಡನನ್ನು ಕಂಡಳು. ಅಷ್ಟರಲ್ಲಿ ಹಿಂದೆ ಬಾಗಿಲು ಮುಚ್ಚಿಕೊಂಡಿತು. "ಇವತ್ತಿಗೆ ಸಾಕು" ಎಂದು ಅಣ್ಣ ಎದ್ದ. ಅವ್ವ ಒಳಗಿನಿಂದ, "ಸಾಕಾತಲ್ಲ ಕೊಲಿ ಪುರಾಣ? ಹೋಗಿ ಹಾಲು ತೊಗೊಂಡು ಬಾ" ಅಂದಳು.

ಮಂಗಳವಾರ ಅಣ್ಣನಿಗೆ ವಾಂತಿಭೇದಿ ಹತ್ತಿತು. ಬುಧವಾರ ಸಂಜೆಗೆ ಅವನಿರಲಿಲ್ಲ.

ಮುಂದಿನದನ್ನು ವಿವರವಾಗಿ ಬರೆಯಲಾರೆ. ವೈನಿಯನ್ನು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂಡಿಸಿದರು. ಮೊದಲು ಅಲ್ಲಿ ಕಟ್ಟಿಗೆ, ಕುಳ್ಳು ಇಡುತ್ತಿದ್ದರು. ಎತ್ತರದಲ್ಲಿ ಅಂಗೈಯಗಲದ ಒಂದು ಗವಾಕ್ಷಿ ಬಿಟ್ಟರೆ ಬೆಳಕಿಲ್ಲ. ವರ್ಷ ತುಂಬುವ ತನಕ ಮುತ್ತೈದೆಯರು ಅವಳ ಮುಖ ನೋಡಬಾರದು. ಸ್ವಂತ ಅತ್ತೆಯಾದ ನಮ್ಮವ್ವನೂ ಬಾಗಿಲ ಹೊರಗೇ ನಿಂತು ಮಾತಾಡಬೇಕು. ನಾನು ಮದುವೆಯಾಗದ ಹುಡುಗಿ, ನನಗೆ ದೋಷವಿಲ್ಲ. ಆದ್ದರಿಂದ ಊಟದ ತಾಟು ಕೊಂಡೊಯ್ಯುವುದು, ನೀರು ಕೊಡುವುದು ನನ್ನ ಪಾಲಿಗೆ ಬಂತು. ಅದಕ್ಕಾಗಿ ನನ್ನ ಶಾಲೆ ಬಿಡಿಸಿದರು. ಬೀದಿಯಲ್ಲಿ ಗೆಳತಿಯರು ಹೋಗುವ ಸದ್ದು ಕೇಳುತ್ತಿತ್ತು. ನಾನೂ ಒಳಗೇ.

ಮೊದಲ ತಿಂಗಳು ವೈನಿ ಮಾತಾಡಲಿಲ್ಲ. ತಾಟು ಇಟ್ಟಂತೆಯೇ ಹೊರಗೆ ಬರುತ್ತಿತ್ತು. ಅವ್ವ ಬಾಗಿಲಿಗೆ ಬೆನ್ನು ಮಾಡಿ ಕುಳಿತು, "ಎರಡು ತುತ್ತು ಉಣ್ಣs ನಮ್ಮವ್ವಾ, ಅವನ ಜೋಡಿ ನಿನ್ನನ್ನೂ ಕಳಕೊಳ್ಳಬೇಕೇನು ನಾನು?" ಅನ್ನುತ್ತಿದ್ದಳು. ಬಳೆಯಿಲ್ಲದ ಕೈ ಅಲುಗಿದರೂ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಗೋಡೆಯ ಮಾಡದಲ್ಲಿ ಏನೋ ಹುಡುಕುತ್ತಿದ್ದಾಗ ಆ ಪುಸ್ತಕ ಸಿಕ್ಕಿತು. ಮೊದಲ ಹಾಳೆ ಹರಿದುಹೋಗಿತ್ತು. ರಟ್ಟಿಗೆ ಕಂದು ಬಟ್ಟೆ ಅಂಟಿಸಿದ್ದರು. ಹುಣಸೆಬೀಜದ ಗೋಂದಿನ ವಾಸನೆ. ನಡುವೆ ಒಂದು ಶೇಂಗಾ ಸಿಪ್ಪೆ. ಸೆರಗಿನಡಿ ಬಚ್ಚಿಟ್ಟುಕೊಂಡು ತಾಟಿನ ಜೊತೆ ಒಳಗೆ ಒಯ್ದೆ.

"ವೈನೀ, ಮುಂದ ಓದ್ಲೇನ್ರಿ?"

ಕತ್ತಲೆಯಿಂದ, "ನಿನಗ ಬರ್ತದೇನು?" ಎಂಬ ದನಿ ಬಂತು.

ಗವಾಕ್ಷಿಯ ಬೆಳಕು ಗೋಡೆಯ ಮೇಲೆ ಬೀಳುವ ಹೊತ್ತು ಸ್ವಲ್ಪವೇ. ಅಷ್ಟರಲ್ಲಿ ಓದಬೇಕು. ನಾನು ಅಣ್ಣನಂತೆ ಸರಾಗವಾಗಿ ಹೇಳಲಾರೆ. ಒಂದು ಸಾಲು ಓದಿಕೊಂಡು, ಯೋಚಿಸಿ, ಕನ್ನಡ ಮಾಡುತ್ತಿದ್ದೆ. ಎರಡನೆಯ ಸಾಲಿಗೇ ಎಡವಿದೆ.

"ವೈನೀ, ಇಲ್ಲೆ ಯಮುನಾ ಅಂತ ಯಾರೋ ಬಂದಾಳ. ನೆಲಮಾಳಿಗಿಯೊಳಗ ತುಂಗಾ ಇಲ್ಲs ಇಲ್ಲ."

"ಹಿಂದಿನ ಪುಟಾ ನೋಡು."

ಹಿಂದೆ ನೋಡಿದೆ. ಇನ್ನೂ ಹಿಂದೆ ನೋಡಿದೆ. ಹಗ್ಗ ಹಿಡಿದು ಗೋಡೆ ಅಳೆದವಳು ಯಮುನಾ. ಮುಂಡಾಸು ಮುಟ್ಟಿ ನೋಡಿದವಳೂ ಯಮುನಾ. ಇಡೀ ಪುಸ್ತಕದಲ್ಲಿ ತುಂಗಾ ಎಂಬ ಹೆಸರೇ ಇರಲಿಲ್ಲ.

"ಅಣ್ಣ ತಪ್ಪು ಓದ್ಯಾನ" ಅಂದೆ.

ವೈನಿ ಅಳುತ್ತಾಳೆಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೇಳಿದಳು: "ಜಾತಕದಾಗಿನ ಹೆಸರು ಬ್ಯಾರೆ. ಲಗ್ನದಾಗ ನಿಮ್ಮವರು ಇಟ್ಟ ರಮಾ ಬ್ಯಾರೆ. ತುಂಗಾ ಅಂತ ಕರೀತಿದ್ದಾಕಿ ನಮ್ಮವ್ವ ಒಬ್ಬಾಕಿನ. ಆಕಿ ಸತ್ತು ಆರು ವರ್ಷ ಆತು. ಒಮ್ಮೆ ಇವರ ಮುಂದ ಹೇಳಿದ್ದೆ."

ನನಗಾಗ ಪೂರ್ತಿ ತಿಳಿಯಲಿಲ್ಲ. ಅಪ್ಪ ಪಕ್ಕದಲ್ಲೇ ಮಲಗಿರುವಾಗ, ಅವ್ವ ಒಲೆಯ ಮುಂದಿರುವಾಗ, ಅಣ್ಣ ರವಿವಾರದ ಮಧ್ಯಾಹ್ನವೆಲ್ಲ ತನ್ನ ಹೆಂಡತಿಯ ಹೆಸರನ್ನು ಗಟ್ಟಿಯಾಗಿ ಕೂಗಿದ್ದ ಎಂಬುದು ನನಗೆ ತಿಳಿದದ್ದು ನನ್ನ ಮದುವೆಯಾದ ಮೇಲೆ. ಆ ದಿನ ಮಾತ್ರ, "ಹಂಗಾರ ನಾನೂ ತುಂಗಾ ಅಂತಾನ ಓದ್ತೀನಿ" ಅಂದೆ. ಅವಳು ತಾಟನ್ನು ಹತ್ತಿರ ಎಳೆದುಕೊಂಡಳು.

ಆಮೇಲೆ ಎರಡು ತಿಂಗಳು ನಾವಿಬ್ಬರೂ ಆ ನೆಲಮಾಳಿಗೆಯಲ್ಲೇ ಇದ್ದೆವು. ಪುಸ್ತಕದಲ್ಲಿ ಕಾರಭಾರಿ ಮೆಟ್ಟಿಲ ದಾರಿಗೆ ಇಟ್ಟಿಗೆ ಕಟ್ಟಿಸಿದ. ದೀಪದ ಎಣ್ಣೆ ತೀರುತ್ತ ಬಂತು. ವೈನಿ ನಾನು ಆಡುವ ಗಜಗದ ಕಾಯಿಗಳನ್ನು ತರಿಸಿಕೊಂಡು ನೆಲದ ಮೇಲೆ ಸಾಲಾಗಿ ಇಟ್ಟು ಆ ವಾಡೆಯನ್ನೇ ಕಟ್ಟಿದಳು: ಇದು ಹೊರಗೋಡೆ, ಇದು ದೇವರಮನೆ, ಇದು ಬಾವಿ. ಕಣ್ಣಿಗೆ ಕಾಣದಿದ್ದರೂ ಕೈಯಿಂದ ಮುಟ್ಟಿ ಮುಟ್ಟಿ ಲೆಕ್ಕ ಹಾಕುತ್ತಿದ್ದಳು.

"ಬಾವಿ ಮಗ್ಗಲದಾಗs ಅದ. ನೀರಿನ ಸಪ್ಪಳಾ ಕೇಳಸ್ತದ ಅಂತ ಎರಡು ಸಲ ಬರದಾರಲ್ಲ, ಸುಮ್ಮನ ಬರದಿರೂದಿಲ್ಲ ಅವರು."

"ಬಾವಿಯೊಳಗಿಂದ ಬರ್ತಾರೇನ್ರಿ?"

"ತಡೀ. ಅವಸರದ ಹುಡುಗಿ. ಬಾವಿಗೆ ಕಬ್ಬಿಣದ ಜಾಳಗಿ ಅದ ಅಂತ ನೀನs ಓದಿದ್ದಿ."

ಅವಳು ಉಣ್ಣತೊಡಗಿದಳು. ಒಮ್ಮೆ, "ಇವತ್ತಿನ ಸಾರಿಗೆ ಉಪ್ಪು ಕಡಿಮಿ ಆಗೇದ ಅಂತ ಅತ್ತಿಯವರಿಗೆ ಹೇಳು" ಅಂದಳು. ಅದನ್ನು ಕೇಳಿ ಅವ್ವ ಒಲೆಯ ಮುಂದೆ ಕುಳಿತು ಅತ್ತಳು. ಒಳಗೆ ಏನು ನಡೆಯುತ್ತಿದೆ ಎಂದು ಅವಳು ಕೇಳಲಿಲ್ಲ. ಸ್ತೋತ್ರ ಹೇಳಿಕೊಳ್ಳುತ್ತಿದ್ದೇವೆ ಎಂದುಕೊಂಡಿದ್ದಳೋ ಏನೋ.

ಇಲ್ಲಿ ನನ್ನ ತಪ್ಪು ಬರೆಯಬೇಕು. ನನಗೆ ಓದು ಕ್ರಮೇಣ ಸಲೀಸಾಗಿತ್ತು. ದಿನಕ್ಕೆ ಹತ್ತು ಪುಟ ಓದಬಹುದಿತ್ತು. ನಾನು ಓದಿದ್ದು ಎರಡು, ಮೂರು. ಪುಸ್ತಕ ಮುಗಿದರೆ ವೈನಿ ಮತ್ತೆ ತಾಟು ದೂಡುತ್ತಾಳೆ ಎಂಬ ಹೆದರಿಕೆ ಒಂದು. ಇನ್ನೊಂದು, ಆ ಮನೆಯಲ್ಲಿ ನನ್ನ ದಾರಿ ಕಾಯುವವರು ಅವಳೊಬ್ಬಳೇ ಇದ್ದಳು. "ಇಲ್ಲೆ ಭಾಳ ಕಠಿಣ ಮರಾಠಿ ಅದರಿ" ಎಂದು ಸುಳ್ಳು ಹೇಳಿ ನಿಲ್ಲಿಸುತ್ತಿದ್ದೆ. ನಾನೂ ಮುಂದಿನ ಪುಟಗಳನ್ನು ನೋಡುತ್ತಿರಲಿಲ್ಲ. ಇಬ್ಬರೂ ಕೂಡಿಯೇ ತಿಳಿಯಬೇಕೆಂದು ಆಣೆ ಮಾಡಿಕೊಂಡಿದ್ದೆವು.

ನವರಾತ್ರಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಾನು ಬಾವಿಯಿಂದ ನೀರು ತರುವಷ್ಟರಲ್ಲಿ ಲೈಬ್ರರಿಯ ಸಿಪಾಯಿ ಬಾಗಿಲಿಗೆ ಬಂದಿದ್ದ. ತಿಂಗಳುಗಟ್ಟಲೆ ಹಿಂದಿರುಗದ ಪುಸ್ತಕ ಕೇಳಿಕೊಂಡು ಬಂದವನು. ಓದಿದ ಮೇಲೆ ನಾನು ಮತ್ತೆ ಮಾಡದಲ್ಲೇ ಇಡುತ್ತಿದ್ದ ಅದನ್ನು ಅವ್ವ ತೆಗೆದು ಕೊಟ್ಟುಬಿಟ್ಟಿದ್ದಳು. ನಾನು ಬೀದಿಗೆ ಓಡಿದೆ, ಅವನು ಕಾಣಲಿಲ್ಲ.

"ಯಾಕ ಕೊಟ್ಟೆವ್ವಾ?"

"ಮತ್ತೇನು ಮಾಡಬೇಕಿತ್ತು? ಅವನ ಕೈ ಮುಟ್ಟಿದ್ದು ಇನ್ನೊಂದು ನೋಡೂದು ನನ್ನಿಂದ ಆಗೂದಿಲ್ಲ. ಹೋಗ್ಲಿ ಬಿಡು."

ಇನ್ನೂರ ಹನ್ನೆರಡನೆಯ ಪುಟಕ್ಕೆ ಬಂದಿದ್ದೆವು. ಇಪ್ಪತ್ತೆರಡು ಪುಟ ಉಳಿದಿದ್ದವು.

ಅಪ್ಪನನ್ನು ಕೇಳುವ ಧೈರ್ಯವಿರಲಿಲ್ಲ. ವೈನಿಗೆ ಪುಸ್ತಕ ಹೋಯಿತೆಂದು ಹೇಳುವ ಧೈರ್ಯ ಅದಕ್ಕಿಂತ ಕಡಿಮೆ. ಮಧ್ಯಾಹ್ನ ತಾಟು ಹಿಡಿದು ಒಳಗೆ ಹೋಗಿ, ಅಪ್ಪನ ಪಂಚಾಂಗವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಪುಟ ತಿರುವುತ್ತ ಹೇಳಿದೆ. ದೀಪ ಆರಿತು. ಕತ್ತಲೆಯಾಯಿತು. ಆಗ ತುಂಗಾ ಗೋಡೆ ಹಿಡಿದು ನಡೆದಳು. ಬಾಗಿಲು ಸಿಕ್ಕಿತು. ಇಬ್ಬರೂ ಹೊರಗೆ ಬಂದರು. ಕಾರಭಾರಿಗೆ ಶಿಕ್ಷೆಯಾಯಿತು. ಮುಗಿಯಿತು.

ವೈನಿ ನೆಲದ ಗಜಗಗಳ ಮೇಲೆ ಕೈಯಾಡಿಸಿದಳು. ಆಮೇಲೆ ಕೇಳಿದಳು: "ಯಾವ ಬಾಗಲಾ?"

"ಒಂದು ಬಾಗಲಾ ಇತ್ತ್ರಿ."

"ಎಲ್ಲೆ? ಮೂರೂ ಕಡೆ ಗ್ವಾಡಿ ಅಳದೇವಿ. ಮೆಟ್ಟಲದ ಕಡೆ ಇಟ್ಟಂಗಿ ಕಟ್ಟ್ಯಾರ. ಹೊರಗಿಂದ ಯಾರು ತಗದರು?"

"ಯಾರೂ ಅಲ್ರಿ. ತಗದs ಇತ್ತು."

ಅಲ್ಲಿಯವರೆಗೆ ಆ ಕೋಣೆಯಲ್ಲಿ ಕೇಳದಿದ್ದ ಸದ್ದೊಂದು ಕೇಳಿತು. ವೈನಿ ನಗುತ್ತಿದ್ದಳು. "ತಗದ ಇದ್ದ ಬಾಗಲಾ ಬಿಟ್ಟು ಇಷ್ಟು ದಿವಸ ಒಳಗ ಕೂತಿದ್ದರೇನು ಹುಚ್ಚರು? ಅಂಬೂ, ಇಂಥಾ ಕಚ್ಚಾ ಕಥಿ ನಿಮ್ಮಣ್ಣ ಮನೀಗೆ ತರತಿದ್ದಿಲ್ಲ." ಕೈ ಚಾಚಿ ಪಂಚಾಂಗವನ್ನು ಮುಟ್ಟಿ ನೋಡಿದಳು. ನಾನು ಅವಳ ತೊಡೆಯಲ್ಲಿ ಮುಖವಿಟ್ಟು ಎಲ್ಲವನ್ನೂ ಹೇಳಿದೆ. ಬೇಕೆಂದೇ ನಿಧಾನ ಮಾಡಿದ್ದನ್ನೂ ಹೇಳಿದೆ.

"ಗೊತ್ತಿತ್ತು" ಅಂದಳು. "ನನಗೂ ಮುಗೀಬಾರದು ಅನ್ನಸ್ತಿತ್ತು."

ಹದಿನೈದು ದಿನದಲ್ಲಿ ಅವಳ ತಂದೆ ಬಂದರು. ವಾಡೆಯೆಲ್ಲ ಊಟ ಮಾಡಿ ಮಲಗಿದ ಹೊತ್ತು ನೋಡಿ, ಯಾರ ಕಣ್ಣಿಗೂ ಬೀಳದಂತೆ ಅವಳನ್ನು ಟಾಂಗಾದಲ್ಲಿ ಕೂಡಿಸಿಕೊಂಡು ಸ್ಟೇಶನ್ನಿಗೆ ಹೋದರು. "ಮುಂದಿಂದು ನಾವು ನೋಡಕೋತೇವ್ರಿ" ಎಂದು ಅಪ್ಪನಿಗೆ ಹೇಳಿದ್ದು ಕೇಳಿಸಿತು. ಅವ್ವ ಒಳಗಿನ ಕೋಣೆಯಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಸಂಜೆಗೆ ಅವಳೇ ಆ ಕೋಣೆಯನ್ನು ಸೆಗಣಿಯಿಂದ ಸಾರಿಸಿದಳು. ನೆಲದ ಮೇಲಿದ್ದ ಗಜಗಗಳನ್ನು ಆರಿಸಿ ನನ್ನ ಕೈಗೆ ಕೊಟ್ಟಳು.

ಲೈಬ್ರರಿಗೆ ನಾನು ಹೋಗಲು ಸಾಧ್ಯವಾದದ್ದು ಮದುವೆಯಾದ ಮೇಲೆ, ಗಂಡನ ಜೊತೆ. ಪುಸ್ತಕದ ಹೆಸರೇನೆಂದು ಕೇಳಿದರು. ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕತೆ ಹೇಳಿದೆ. "ಬಾಯಿ, ಅಶೀ ಶಂಭರ ಪುಸ್ತಕಂ ಆಹೇತ" ಎಂದು ಅವರು ನಕ್ಕರು. ಅಂಥವು ನೂರು ಇದ್ದವಂತೆ. ಸಿಕ್ಕಷ್ಟನ್ನು ತಂದು ಓದಿದೆ. ನನಗೆ ಓದುವ ಚಟ ಹತ್ತಿದ್ದು ಹೀಗೆ. ಎಷ್ಟೋ ನೆಲಮಾಳಿಗೆಗಳಿಂದ ಎಷ್ಟೋ ಜನ ಪಾರಾಗಿ ಬಂದರು. ನಮ್ಮವರು ಮಾತ್ರ ಸಿಗಲಿಲ್ಲ.

ವೈನಿಯನ್ನು ಮತ್ತೆ ನೋಡಿದ್ದು ಒಂದೇ ಸಲ, ಹದಿನಾಲ್ಕು ವರ್ಷಗಳ ಮೇಲೆ, ಅವಳ ಊರಿನಲ್ಲಿ. ಬೋಳಿಸಿದ ತಲೆಯ ಮೇಲೆ ಕೆಂಪು ಸೆರಗು ಹೊದ್ದಿದ್ದಳು. ನನ್ನ ಮಕ್ಕಳಿಗೆ ಅವಲಕ್ಕಿ ಕೊಟ್ಟು, ಅವರು ಹೊರಗೆ ಆಡಲು ಹೋದ ಮೇಲೆ ಕೇಳಿದಳು: "ಸಿಕ್ಕಿತೇನು ಅಂಬೂ?"

"ಇಲ್ರಿ, ವೈನಿ."

"ಹುಡಕು. ನಾನೇನು ಇಲ್ಲಿಂದ ಎಲ್ಲೂ ಹೋಗೂದಿಲ್ಲ."

ಹೋದ ತಿಂಗಳು ಅವಳ ತಮ್ಮನಿಂದ ಕಾರ್ಡು ಬಂತು. ಎರಡು ಸಾಲು. ಕಾರ್ತಿಕದಲ್ಲಿ ತೀರಿಕೊಂಡಳಂತೆ. ಈಗ ನನ್ನ ಮನೆಯಲ್ಲಿ ಗಂಡ ಹೆಂಡತಿ ಎದುರಿಗೇ ಕುಳಿತು ಮಾತಾಡುತ್ತಾರೆ, ಹೆಸರು ಹಿಡಿದು ಜಗಳ ಆಡುತ್ತಾರೆ. ಸೊಸೆಗೆ ಬೇಕಾದ ಪುಸ್ತಕವನ್ನು ಅವಳೇ ಹೋಗಿ ತರುತ್ತಾಳೆ. ಕೊನೆಯ ಪುಟವನ್ನು ಮೊದಲೇ ಓದಿ ಇಟ್ಟುಬಿಡುವುದೂ ಉಂಟು. ಅದನ್ನು ಕಂಡರೆ ನನಗೆ ಸಂತೋಷವೇ.

ಆದರೆ ಅಣ್ಣನಿಲ್ಲ, ವೈನಿಯಿಲ್ಲ. ತುಂಗಾ, ಅವಳ ಗಂಡ ಇಬ್ಬರೂ ಹೊರಗೆ ಬಂದರೋ ಇಲ್ಲವೋ, ಬಂದಿದ್ದರೆ ಯಾವ ದಾರಿಯಿಂದ ಬಂದರು, ನನಗೆ ಇನ್ನೂ ಗೊತ್ತಿಲ್ಲ.